ಕ್ಯಾಮೆರಾ ನಮ್ಮದು, ಕೀಲಿ ಯಾರದು?

ಇವತ್ತು ಒಂದು ಸಣ್ಣ ಪ್ರಶ್ನೆ ಇಟ್ಟುಕೊಂಡು ಬಂದಿದ್ದೀನಿ. ನಿಮ್ಮ ಮನೆ ಬಾಗಿಲ ಮೇಲೆ ಒಂದು ಕ್ಯಾಮೆರಾ ಇದೆ ಅಂತಿಟ್ಟುಕೊಳ್ಳಿ. ದುಡ್ಡು ಕೊಟ್ಟಿದ್ದು ನೀವು. ಕರೆಂಟು ನಿಮ್ಮದು, ವೈಫೈ ನಿಮ್ಮದು, ಅದರಲ್ಲಿ ಕಾಣೋ ಮುಖಗಳೂ ನಿಮ್ಮ ಮನೆಯವರದ್ದೇ. ಆದ್ರೆ ಆ ಕ್ಯಾಮೆರಾಗೆ ‘ತೋರಿಸು’ ಅಂತ ಅಪ್ಪಣೆ ಕೊಡೋ ಅಧಿಕಾರ ಯಾರ ಕೈಯಲ್ಲಿದೆ? ನಿಮ್ಮ ಕೈಯಲ್ಲಿ ಮಾತ್ರಾನಾ?

‘ಇನ್ಯಾರ ಕೈಯಲ್ಲಿರುತ್ತೆ ರೀ, ನನ್ನ ಮೊಬೈಲ್‌ನಲ್ಲೇ ಆಪ್ ಇದೆ’ ಅಂತ ನೀವು ಹೇಳಬಹುದು. ಈ ಉತ್ತರ ಒಂದು ಕಾಲದಲ್ಲಿ ಪೂರ್ತಿ ಸರಿಯಾಗಿತ್ತು. ಈಗ ಅರ್ಧ ಮಾತ್ರ ಸರಿ. ಆ ಉಳಿದರ್ಧ ಯಾವಾಗ, ಹೇಗೆ ನಮ್ಮ ಕೈ ಜಾರಿತು ಅನ್ನೋದೇ ಇವತ್ತಿನ ಕಥೆ. ಇದಕ್ಕೆ ಅರವತ್ತು ವರ್ಷಗಳ ಇತಿಹಾಸ ಇದೆ. ಆ ಇತಿಹಾಸ ಶುರುವಾಗೋದು ಒಬ್ಬ ನರ್ಸ್ ಮನೆಯಿಂದ.

ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಜಮೈಕಾ ಅನ್ನೋ ಬಡಾವಣೆ ಇದೆ. 1960ರ ದಶಕದಲ್ಲಿ ಅಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ಕಪ್ಪುವರ್ಣೀಯ ಮಹಿಳೆ ಇದ್ದರು. ವೃತ್ತಿಯಲ್ಲಿ ನರ್ಸ್. ಗಂಡ ಆಲ್ಬರ್ಟ್ ಬ್ರೌನ್ ಎಲೆಕ್ಟ್ರಾನಿಕ್ಸ್ ತಂತ್ರಜ್ಞ. ಇಬ್ಬರ ಕೆಲಸದ ಹೊತ್ತೂ ಬೇರೆ ಬೇರೆ. ಹಾಗಾಗಿ ಎಷ್ಟೋ ಸಲ ರಾತ್ರಿ ಮನೆಯಲ್ಲಿ ಮೇರಿ ಒಬ್ಬರೇ. ಬಡಾವಣೆಯಲ್ಲಿ ಅಪರಾಧ ಹೆಚ್ಚಾಗಿತ್ತು, ಕರೆದರೆ ಪೊಲೀಸರು ಬೇಗ ಬರುತ್ತಿರಲಿಲ್ಲ. ಬಾಗಿಲು ಬಡಿದ ಸದ್ದು ಕೇಳಿದರೆ ಏನು ಮಾಡಬೇಕು? ಬಾಗಿಲ ಹತ್ತಿರ ಹೋಗಿ ಕಿಂಡಿಯಲ್ಲಿ ಇಣುಕಬೇಕು. ಅಂದ್ರೆ ಆಚೆ ನಿಂತವನಿಗೂ ಈಚೆ ನಿಂತ ಒಂಟಿ ಹೆಂಗಸಿಗೂ ನಡುವೆ ಒಂದು ಮರದ ಹಲಗೆ ಮಾತ್ರ.

ಮೇರಿ ಇದಕ್ಕೊಂದು ಉಪಾಯ ಹುಡುಕಿದರು. ಬಾಗಿಲಲ್ಲಿ ಒಂದರ ಕೆಳಗೊಂದರಂತೆ ನಾಲ್ಕು ಕಿಂಡಿಗಳು. ಎತ್ತರದ ಮನುಷ್ಯ ಬಂದರೆ ಮೇಲಿನದು, ಮಗು ಬಂದರೆ ಕೆಳಗಿನದು. ಒಳಗಡೆ ಒಂದು ಟಿವಿ ಕ್ಯಾಮೆರಾ. ಮೋಟಾರಿನ ಸಹಾಯದಿಂದ ಅದು ಮೇಲೆ ಕೆಳಗೆ ಸರಿದು ಬೇಕಾದ ಕಿಂಡಿಯ ಮುಂದೆ ನಿಲ್ಲುತ್ತದೆ. ಚಿತ್ರ ತಂತಿಯಿಲ್ಲದೆ ಮಲಗುವ ಕೋಣೆಯ ಟಿವಿ ಪರದೆಗೆ ಬರುತ್ತದೆ. ಮೈಕ್ ಇದೆ, ಬಂದವನ ಜೊತೆ ಮಂಚದ ಮೇಲಿಂದಲೇ ಮಾತಾಡಬಹುದು. ಪರಿಚಯದವರಾದರೆ ಒಂದು ಗುಂಡಿ ಒತ್ತಿ, ಬಾಗಿಲ ಚಿಲಕ ದೂರದಿಂದಲೇ ತೆರೆಯುತ್ತೆ. ಅನುಮಾನ ಬಂದರೆ ಇನ್ನೊಂದು ಗುಂಡಿ, ಕಾವಲಿನವರಿಗೋ ಪೊಲೀಸರಿಗೋ ಎಚ್ಚರಿಕೆ ಹೋಗುತ್ತೆ.

ಆಗಸ್ಟ್ 1, 1966ರಂದು ಗಂಡ ಹೆಂಡತಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಡಿಸೆಂಬರ್ 2, 1969ರಂದು ಪೇಟೆಂಟ್ ಸಿಕ್ಕಿತು. ಸಂಖ್ಯೆ 34,82,037. ಅದರಲ್ಲಿ ಮೊದಲ ಹೆಸರು ಹೆಂಡತಿಯದು, ಎರಡನೆಯದು ಗಂಡನದು. ಆಗಿನ ಕಾಲಕ್ಕೆ ತುಂಬಾ ದುಬಾರಿ ವ್ಯವಸ್ಥೆ ಅದು, ಮನೆಮನೆಗೆ ಹೋಗಲಿಲ್ಲ. ಆದ್ರೆ ಇವತ್ತು ಅಪಾರ್ಟ್‌ಮೆಂಟ್ ಬಾಗಿಲಲ್ಲಿ ನೀವು ನೋಡೋ ವಿಡಿಯೋ ಡೋರ್‌ಬೆಲ್ ಇದೆಯಲ್ಲ, ಅದರ ಅಜ್ಜಿ ಇದೇ. ಅಜ್ಜಿಯ ಒಂದು ಗುಣವನ್ನು ಮಾತ್ರ ನೆನಪಿಟ್ಟುಕೊಳ್ಳಿ. ಕ್ಯಾಮೆರಾ ಆ ಮನೆಯಲ್ಲೇ ಇತ್ತು, ಪರದೆ ಆ ಮನೆಯಲ್ಲೇ ಇತ್ತು, ಗುಂಡಿಗಳೂ ಮೇರಿಯ ಕೈಯಳತೆಯಲ್ಲೇ ಇದ್ದವು. ಆ ಚಿತ್ರ ನೋಡಬೇಕು ಅಂದ್ರೆ ಯಾರಾದ್ರೂ ಆಕೆಯ ಮಲಗುವ ಕೋಣೆಗೇ ಬರಬೇಕಿತ್ತು.

ಮೇರಿಯದು ಟಿವಿ ಕ್ಯಾಮೆರಾ. ಇನ್ನು ಫೋಟೋ ತೆಗೆಯೋ ಕ್ಯಾಮೆರಾದ ಕಥೆಗೆ ಬರೋಣ, ಯಾಕಂದ್ರೆ ಮನೆ ಕಾವಲಿನ ಇತಿಹಾಸದಲ್ಲಿ ಅದಕ್ಕೂ ಒಂದು ಅಧ್ಯಾಯ ಇದೆ.

1975ರಲ್ಲಿ ಕೊಡಾಕ್ ಕಂಪನಿಯ ಯುವ ಎಂಜಿನಿಯರ್ ಸ್ಟೀವ್ ಸ್ಯಾಸನ್ ಫಿಲ್ಮ್ ಇಲ್ಲದ ಕ್ಯಾಮೆರಾ ಕಟ್ಟಿದರು. ತೂಕ ಸುಮಾರು ಮೂರೂವರೆ ಕಿಲೋ. ಚಿತ್ರದಲ್ಲಿ ಇದ್ದಿದ್ದು 100 ಅಡ್ಡ, 100 ಉದ್ದ, ಒಟ್ಟು 10,000 ಚುಕ್ಕೆಗಳು, ಅದೂ ಕಪ್ಪು ಬಿಳುಪು. ಒಂದು ಫೋಟೋ ಕ್ಯಾಸೆಟ್ ಟೇಪಿಗೆ ಇಳಿಯೋಕೆ 23 ಸೆಕೆಂಡು. ನೋಡಬೇಕಾದರೆ ಟಿವಿಗೆ ಜೋಡಿಸಬೇಕು. ಆದ್ರೆ ಅವತ್ತು ಒಂದು ದೊಡ್ಡ ಬದಲಾವಣೆ ಆಯ್ತು. ಫೋಟೋ ಅನ್ನೋದು ಅಂಕಿಗಳ ಸಾಲಾಯಿತು. ಅಂಕಿಗಳು ತಂತಿಯ ಮೇಲೆ ಓಡಬಲ್ಲವು. ಓಡೋಕೆ ಬಂದ ಮೇಲೆ ಎಲ್ಲಿಗೆ ಬೇಕಾದರೂ ಓಡಬಲ್ಲವು.

ಓಡಿದ್ದು ಮೊದಲು ಕಾಫಿಗಾಗಿ! ನಗಬೇಡಿ, ನಿಜ. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಸಂಶೋಧಕರಿಗೆಲ್ಲ ಸೇರಿ ಒಂದೇ ಕಾಫಿ ಯಂತ್ರ, ಅದು ಟ್ರೋಜನ್ ರೂಮ್ ಅನ್ನೋ ಕೋಣೆಯ ಹೊರಗೆ. ಬೇರೆ ಮಹಡಿಯಿಂದ ಮೆಟ್ಟಿಲಿಳಿದು ಬಂದರೆ ಪಾತ್ರೆ ಖಾಲಿ. ಕ್ವೆಂಟಿನ್ ಸ್ಟಾಫರ್ಡ್ ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್ಕಿ ಪಾತ್ರೆಗೆ ಎದುರಾಗಿ ಕ್ಯಾಮೆರಾ ಇಟ್ಟರು. ನಿಮಿಷಕ್ಕೆ ಸುಮಾರು ಮೂರು ಸಲ ಒಂದು ಪುಟ್ಟ ಕಪ್ಪು ಬಿಳುಪು ಚಿತ್ರ ಎಲ್ಲರ ಕಂಪ್ಯೂಟರಿಗೆ ಹೋಗುತ್ತಿತ್ತು. 1993ರಲ್ಲಿ ಅದನ್ನು ಇಂಟರ್ನೆಟ್‌ಗೆ ಹಾಕಿದರು. ಆ ಕಾಫಿ ಕುಡಿಯದ ಲಕ್ಷಾಂತರ ಜನ ಪ್ರಪಂಚದ ಮೂಲೆ ಮೂಲೆಯಿಂದ ಆ ಪಾತ್ರೆ ನೋಡಿದರು. ಆಗಸ್ಟ್ 22, 2001ರಂದು ಕ್ಯಾಮೆರಾ ಆಫ್ ಆಯ್ತು, ಆ ಯಂತ್ರ ಹರಾಜಿನಲ್ಲಿ 3,350 ಪೌಂಡಿಗೆ ಮಾರಾಟವಾಯಿತು. ಕಾಫಿ ಪಾತ್ರೆಯನ್ನು ಯಾರು ನೋಡಿದರೆ ಏನು ನಷ್ಟ? ಏನೂ ಇಲ್ಲ. ಆದರೆ ಆ ಪಾತ್ರೆಯ ಜಾಗದಲ್ಲಿ ತೊಟ್ಟಿಲು ಇಟ್ಟು ನೋಡಿ, ಮಾತೇ ಬೇರೆಯಾಗುತ್ತೆ.

1996ರಲ್ಲಿ ಸ್ವೀಡನ್ನಿನ ಆಕ್ಸಿಸ್ ಕಂಪನಿ ನೇರವಾಗಿ ನೆಟ್‌ವರ್ಕ್‌ಗೆ ಜೋಡಿಸುವ ಕ್ಯಾಮೆರಾ ಮಾರುಕಟ್ಟೆಗೆ ತಂದಿತು. ಆದ್ರೆ ಅದು ಸಾಮಾನ್ಯ ಮನೆಯವರ ಜೇಬಿಗೆ ಎಟುಕುವ ಮಾಲಾಗಿರಲಿಲ್ಲ. ಕಂಪ್ಯೂಟರ್ ಮೇಲೆ ಕೂರಿಸುವ ಅಗ್ಗದ ವೆಬ್‌ಕ್ಯಾಮ್‌ಗಳಿದ್ದವು. ಅವುಗಳ ಚಿತ್ರ ಎಷ್ಟು ಮಸುಕು ಅಂದ್ರೆ, ಅಂಗಳದಲ್ಲಿ ಯಾರೋ ನಿಂತಿದ್ದಾರೆ ಅಂತ ಗೊತ್ತಾಗುತ್ತೆ, ಯಾರು ಅಂತ ಗೊತ್ತಾಗಲ್ಲ. ಅದೇ ಹೊತ್ತಿಗೆ ಮನೆಯ ಬೀರುವಿನಲ್ಲಿ ಮದುವೆ, ಪ್ರವಾಸಕ್ಕೆ ಅಂತ ಕೊಂಡ ಎರಡು ಮೂರು ಮೆಗಾಪಿಕ್ಸೆಲ್‌ನ ಡಿಜಿಟಲ್ ಸ್ಟಿಲ್ ಕ್ಯಾಮೆರಾ ಇರುತ್ತಿತ್ತು. ಒಳ್ಳೆ ಲೆನ್ಸು, ಜೂಮು, ಫ್ಲ್ಯಾಶು ಎಲ್ಲ ಇದೆ. ಬಂದವನ ಮುಖ ಮಾತ್ರ ಅಲ್ಲ, ಗೇಟಿನಾಚೆ ನಿಂತ ಬೈಕಿನ ನಂಬರನ್ನೂ ಹಿಡಿಯಬಲ್ಲದು. ‘ಇದನ್ನೇ ಕಾವಲಿಗೆ ಕೂರಿಸಿದ್ರೆ ಹೇಗೆ?’ ಅಂತ ಕೆಲವರಿಗೆ ಹೊಳೆಯಿತು.

ಆದ್ರೆ ಸ್ಟಿಲ್ ಕ್ಯಾಮೆರಾ ಅಂದ್ರೆ ಮನುಷ್ಯನ ಬೆರಳಿಗಾಗಿ ಮಾಡಿದ ಯಂತ್ರ. ಬೆರಳು ಒತ್ತಿದರೆ ಮಾತ್ರ ಕ್ಲಿಕ್. ಆ ಬೆರಳಿನ ಕೆಲಸವನ್ನು ಕಂಪ್ಯೂಟರಿಗೆ ಕೊಟ್ಟಿದ್ದು ಒಂದು ಒಪ್ಪಂದದ ಭಾಷೆ. 2000ದಲ್ಲಿ ಫೋಟೋ ಉದ್ಯಮದವರು ಸೇರಿ ಪಿಟಿಪಿ, ಅಂದ್ರೆ ಪಿಕ್ಚರ್ ಟ್ರಾನ್ಸ್‌ಫರ್ ಪ್ರೋಟೊಕಾಲ್ ಅನ್ನೋ ಮಾನದಂಡ ರೂಪಿಸಿದರು. ಅದಕ್ಕೂ ಮುಂಚೆ ಒಂದೊಂದು ಕಂಪನಿಯ ಕ್ಯಾಮೆರಾಗೂ ಒಂದೊಂದು ಭಾಷೆ. ಪಿಟಿಪಿಯ ಮುಖ್ಯ ಕೆಲಸ ಯುಎಸ್‌ಬಿ ತಂತಿಯಲ್ಲಿ ಫೋಟೋ ಇಳಿಸಿಕೊಳ್ಳೋದು. ಆದ್ರೆ ಅದರೊಳಗೆ ಇನ್ನೊಂದು ಆಜ್ಞೆಯೂ ಇತ್ತು: ‘ಈಗ ಫೋಟೋ ತೆಗಿ’. ಕಂಪ್ಯೂಟರ್ ಹೇಳುತ್ತೆ, ಕ್ಯಾಮೆರಾ ಕ್ಲಿಕ್ಕಿಸುತ್ತೆ, ‘ಹೊಸ ಚಿತ್ರ ಸಿದ್ಧ’ ಅನ್ನುತ್ತೆ, ಕಂಪ್ಯೂಟರ್ ಅದನ್ನು ಎಳೆದುಕೊಳ್ಳುತ್ತೆ. ಲಿನಕ್ಸ್ ಬಳಸುವವರಿಗೆ ಜಿ‌ಫೋಟೋ ಎಂಬ ಉಚಿತ ತಂತ್ರಾಂಶ ಸಿಕ್ಕಿತು. ಇವತ್ತು ಅದು 2,500ಕ್ಕೂ ಹೆಚ್ಚು ಮಾದರಿಯ ಕ್ಯಾಮೆರಾಗಳ ಜೊತೆ ಮಾತಾಡುತ್ತೆ. ಅದರಲ್ಲಿ ಒಂದೇ ಸಾಲಿನ ಆಜ್ಞೆ ಕೊಟ್ಟರೆ ಸಾಕು, ಅದಕ್ಕೆ ಒಗ್ಗುವ ಕ್ಯಾಮೆರಾ ಫೋಟೋ ತೆಗೆದು ಕಂಪ್ಯೂಟರಿಗೆ ಕೊಡುತ್ತೆ.

ನಾನು ಎಂಜಿನಿಯರಿಂಗ್ ಓದುವಾಗ ಸೀನಿಯರ್ ಒಬ್ಬರ ರೂಮಿನಲ್ಲಿ ಇಂಥ ಒಂದು ಜೋಡಣೆ ನೋಡಿದ್ದೆ. ಹಳೇ ಕಂಪ್ಯೂಟರ್, ಕಿಟಕಿಯಲ್ಲಿ ಅಗ್ಗದ ವೆಬ್‌ಕ್ಯಾಮ್, ಪಕ್ಕದಲ್ಲಿ ಪುಸ್ತಕಗಳ ಅಟ್ಟಿಯ ಮೇಲೆ ಒಂದು ಡಿಜಿಟಲ್ ಕ್ಯಾಮೆರಾ. ಮೋಷನ್ ಎಂಬ ಉಚಿತ ತಂತ್ರಾಂಶ ವೆಬ್‌ಕ್ಯಾಮ್‌ನ ಒಂದು ಚಿತ್ರವನ್ನು ಅದರ ಹಿಂದಿನ ಚಿತ್ರದ ಜೊತೆ ಹೋಲಿಸುತ್ತಾ ಕೂತಿರುತ್ತೆ. ಎಷ್ಟು ಚುಕ್ಕೆಗಳು ಬದಲಾದವು ಅಂತ ಎಣಿಸುತ್ತೆ. ಲೆಕ್ಕ ಮಿತಿ ದಾಟಿತಾ, ಯಾರೋ ಬಂದರು ಅಂತ ಅರ್ಥ. ತಕ್ಷಣ ಜಿ‌ಫೋಟೋಗೆ ಸೂಚನೆ, ಸ್ಟಿಲ್ ಕ್ಯಾಮೆರಾ ಕ್ಲಿಕ್. ವೆಬ್‌ಕ್ಯಾಮ್ ಕಾವಲುಗಾರ, ಸ್ಟಿಲ್ ಕ್ಯಾಮೆರಾ ಫೋಟೋಗ್ರಾಫರ್. ಮರದ ನೆರಳು ಅಲ್ಲಾಡಿದರೂ ಕ್ಲಿಕ್, ಬೆಕ್ಕು ಹೋದರೂ ಕ್ಲಿಕ್. ಆದ್ರೂ ನಮಗೆಲ್ಲ ಅದು ಮಾಯಾಜಾಲ.

ತಾಪತ್ರಯಗಳು ಕಡಿಮೆ ಇರಲಿಲ್ಲ. ಕೆಲಸ ಇಲ್ಲದಿದ್ದರೆ ಕ್ಯಾಮೆರಾ ತಾನಾಗೇ ಮಲಗುತ್ತಿತ್ತು, ಎಬ್ಬಿಸುವ ಉಪಾಯ ಹುಡುಕಬೇಕು. ಬ್ಯಾಟರಿ ಕೆಲವೇ ಗಂಟೆ, ಹಾಗಾಗಿ ಅಡಾಪ್ಟರ್ ಬೇಕು. ಶಟರ್‌ಗೂ ಲೆನ್ಸಿನ ಮೋಟಾರಿಗೂ ಇಂತಿಷ್ಟು ಅಂತ ಆಯಸ್ಸಿದೆ, ಹಗಲು ರಾತ್ರಿ ದುಡಿಸಿದರೆ ಸವೆಯುತ್ತೆ. ಫ್ಲ್ಯಾಶ್ ಹೊಡೆದರೆ ಕಳ್ಳನಿಗೇ ಗೊತ್ತಾಗುತ್ತೆ! ಸಾಲದ್ದಕ್ಕೆ, ಮುಂದೆ ಬಂದ ಅನೇಕ ಸಣ್ಣ ಕ್ಯಾಮೆರಾಗಳಲ್ಲಿ ಕಂಪನಿಗಳು ದೂರದಿಂದ ಕ್ಲಿಕ್ಕಿಸುವ ಸೌಲಭ್ಯವನ್ನೇ ತೆಗೆದುಬಿಟ್ಟವು. ಆಗ ಹವ್ಯಾಸಿಗಳು ಸುಮ್ಮನೆ ಕೂರಲಿಲ್ಲ. ಕೆನಾನ್ ಕ್ಯಾಮೆರಾಗಳಿಗಾಗಿ ಸಿಎಚ್‌ಡಿಕೆ ಅನ್ನೋ ತಂತ್ರಾಂಶ ಬರೆದರು. ಮೆಮೊರಿ ಕಾರ್ಡಿನಲ್ಲಿ ಹಾಕಿದರೆ ಸಾಕು, ಯುಎಸ್‌ಬಿ ಕಿಂಡಿಗೆ 5 ವೋಲ್ಟಿನ ಒಂದು ಮಿಡಿತ ಕೊಟ್ಟಾಗ ಕ್ಯಾಮೆರಾ ಕ್ಲಿಕ್ಕಿಸುತ್ತಿತ್ತು. ಎದುರಿನ ದೃಶ್ಯದಲ್ಲಿ ಚಲನೆ ಕಂಡರೆ ಕಂಪ್ಯೂಟರಿನ ಹಂಗಿಲ್ಲದೆ ತಾನೇ ಫೋಟೋ ತೆಗೆಯುವುದನ್ನೂ ಅದಕ್ಕೆ ಕಲಿಸಿದರು.

ಇಷ್ಟೊಂದು ತಾಂತ್ರಿಕ ವಿವರ ಯಾಕೆ ಅಂತೀರಾ? ಒಂದು ಕಾರಣ ಇದೆ. ಈ ಒಕ್ಕಣೆಯ ಜೋಡಣೆಯಲ್ಲೂ ಮೇರಿ ಬ್ರೌನ್ ಮನೆಯ ಗುಣ ಉಳಿದಿತ್ತು. ಕ್ಯಾಮೆರಾ ನನ್ನದು, ಕಂಪ್ಯೂಟರ್ ನನ್ನದು, ಚಿತ್ರ ನನ್ನ ಹಾರ್ಡ್ ಡಿಸ್ಕಿನಲ್ಲಿ. ಆಫೀಸಿನಿಂದ ಮನೆ ನೋಡಬೇಕಾದರೆ ರೂಟರಿನಲ್ಲಿ ಒಂದು ಬಾಗಿಲನ್ನು ನಾನೇ ತೆರೆಯಬೇಕು, ಪಾಸ್‌ವರ್ಡನ್ನು ನಾನೇ ಇಡಬೇಕು. ಕಷ್ಟ ಇತ್ತು. ಆದ್ರೆ ಕೀಲಿ ಎಲ್ಲಿದೆ ಅಂತ ಗೊತ್ತಿತ್ತು.

ಬದಲಾಗಿದ್ದು ಇಲ್ಲಿ, ಸ್ವಲ್ಪ ಗಮನ ಕೊಡಿ. ನಿಮ್ಮ ಮನೆಯ ರೂಟರ್ ಒಬ್ಬ ವಾಚ್‌ಮನ್ ಇದ್ದಂಗೆ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ಕರೆಯದೆ ಒಳಗೆ ಬರುವಂತಿಲ್ಲ. ಆ ಬಾಗಿಲು ತೆರೆಯುವ ತಲೆನೋವು ಸಾಮಾನ್ಯ ಗ್ರಾಹಕನಿಗೆ ಬೇಡ ಅಂತ ಕಂಪನಿಗಳು ಸುಲಭ ದಾರಿ ಕೊಟ್ಟವು. ಕ್ಯಾಮೆರಾ ತಾನಾಗೇ ಹೊರಗೆ ಹೋಗಿ ಕಂಪನಿಯ ಸರ್ವರ್ ಮುಂದೆ ನಿಂತಿರುತ್ತೆ. ನೀವು ಆಪ್ ತೆರೆದಾಗ ನಿಮ್ಮ ಮೊಬೈಲೂ ಅದೇ ಸರ್ವರಿಗೆ ಹೋಗುತ್ತೆ. ಇಬ್ಬರನ್ನೂ ಪರಿಚಯ ಮಾಡಿಸೋದು ಆ ಸರ್ವರ್. ಬಹಳಷ್ಟು ಕಡೆ ವಿಡಿಯೋ ಕೂಡ ಅಲ್ಲೇ ಶೇಖರಣೆ. ಎಷ್ಟು ಸುಲಭ! ಪೆಟ್ಟಿಗೆ ಬಿಚ್ಚಿ, ಕ್ಯೂಆರ್ ಕೋಡ್ ತೋರಿಸಿ, ಐದು ನಿಮಿಷದಲ್ಲಿ ಮನೆ ಮೊಬೈಲಿನಲ್ಲಿ. ಆದ್ರೆ ಮೇರಿಯ ಮಂಚದ ಪಕ್ಕ ಇದ್ದ ಗುಂಡಿ ಈಗ ಎಲ್ಲೋ ದೂರದ ಡೇಟಾ ಸೆಂಟರಿನಲ್ಲಿದೆ. ಅಲ್ಲಿಂದ ನಿಮಗೆ ಒಂದು ನಕಲಿ ಕೀಲಿ ಕೊಟ್ಟಿದ್ದಾರೆ. ಅಸಲಿ ಗೊಂಚಲು ಅವರ ಹತ್ರಾನೇ ಇದೆ.

ಇದರ ಫಲ ಏನಾಯ್ತು? ದಾಖಲೆಯಲ್ಲಿರೋ ಮೂರು ಪ್ರಕರಣ ಹೇಳ್ತೀನಿ.

ಮೊದಲನೆಯದು 2012ರ ಜನವರಿ. ಅಮೆರಿಕದ ಟ್ರೆಂಡ್‌ನೆಟ್ ಕಂಪನಿಯ ಮನೆ ಕ್ಯಾಮೆರಾಗಳ ತಂತ್ರಾಂಶದಲ್ಲಿ ದೋಷ ಇತ್ತು. ಹ್ಯಾಕರ್‌ಗಳು ಸುಮಾರು 700 ಕ್ಯಾಮೆರಾಗಳ ನೇರ ದೃಶ್ಯದ ಕೊಂಡಿಗಳನ್ನು ಇಂಟರ್ನೆಟ್‌ನಲ್ಲಿ ಹಂಚಿಬಿಟ್ಟರು. ತೊಟ್ಟಿಲಲ್ಲಿ ಮಲಗಿದ ಹಸುಗೂಸುಗಳು, ಆಡುತ್ತಿದ್ದ ಮಕ್ಕಳು, ಮನೆಯೊಳಗೆ ತಮ್ಮ ಪಾಡಿಗೆ ಓಡಾಡುತ್ತಿದ್ದ ದೊಡ್ಡವರು. ಅಲ್ಲಿನ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ಕ್ರಮ ಕೈಗೊಂಡಿತು. ಕಾಫಿ ಪಾತ್ರೆಯ ಜಾಗದಲ್ಲಿ ತೊಟ್ಟಿಲು ಅಂದೆನಲ್ಲ, ಅದು ನಿಜವಾಗಿದ್ದು ಹೀಗೆ.

ಎರಡನೆಯದು 2016. ಮಿರಾಯ್ ಅನ್ನೋ ಕುತಂತ್ರಾಂಶ. ಅದು ಇಂಟರ್ನೆಟ್‌ನಲ್ಲಿ ಅಲೆಯುತ್ತಾ ಕ್ಯಾಮೆರಾ, ವಿಡಿಯೋ ರೆಕಾರ್ಡರ್, ರೂಟರ್‌ಗಳನ್ನು ಹುಡುಕುತ್ತಿತ್ತು. ದೊಡ್ಡ ಜಾಣತನವೇನೂ ಇಲ್ಲ. ಕಾರ್ಖಾನೆಯಲ್ಲೇ ಇಟ್ಟು ಕಳಿಸುವ ಅಡ್ಮಿನ್, 12345 ಥರದ ಸುಮಾರು 60 ಹೆಸರು ಪಾಸ್‌ವರ್ಡ್ ಜೋಡಿಗಳ ಪಟ್ಟಿ ಇತ್ತು, ಒಂದೊಂದನ್ನೇ ಒತ್ತಿ ನೋಡುತ್ತಿತ್ತು. ಬಾಗಿಲು ತೆರೆದರೆ ಆ ಯಂತ್ರ ಅದರ ಸೈನಿಕ. ಅಕ್ಟೋಬರ್ 21, 2016ರಂದು ಇಂಥ ಸೈನ್ಯ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿತ್ತು. ಟ್ವಿಟರ್, ನೆಟ್‌ಫ್ಲಿಕ್ಸ್, ಸ್ಪಾಟಿಫೈ, ರೆಡ್ಡಿಟ್ ಗಂಟೆಗಟ್ಟಲೆ ತಡವರಿಸಿದವು. ಮನೆ ಕಾಯೋಕೆ ಅಂತ ತಂದ ಕ್ಯಾಮೆರಾ ಮಾಲೀಕನಿಗೆ ತಿಳಿಯದಂಗೆ ಊರ ಮೇಲೆ ದಾಳಿಗೆ ಹೋಗಿತ್ತು.

ಮೂರನೆಯದು ನನಗೆ ಎಲ್ಲಕ್ಕಿಂತ ಗಾಬರಿ ಹುಟ್ಟಿಸಿದ್ದು, ಯಾಕಂದ್ರೆ ಇಲ್ಲಿ ಹೊರಗಿನ ಹ್ಯಾಕರೇ ಬೇಕಾಗಲಿಲ್ಲ. 2023ರಲ್ಲಿ ಅದೇ ಫೆಡರಲ್ ಟ್ರೇಡ್ ಕಮಿಷನ್, ಅಮೆಜಾನ್ ಒಡೆತನದ ರಿಂಗ್ ಕಂಪನಿಯ ಮೇಲೆ ಆರೋಪ ಹೊರಿಸಿತು. ಗ್ರಾಹಕರ ಖಾಸಗಿ ವಿಡಿಯೋಗಳನ್ನು ನೋಡಲು ಸಿಬ್ಬಂದಿಗೆ ಮಿತಿಮೀರಿದ ಅವಕಾಶ ಇತ್ತು, ಉದ್ಯೋಗಿಯೊಬ್ಬ ಮಹಿಳಾ ಗ್ರಾಹಕರ ಮಲಗುವ ಕೋಣೆ, ಬಚ್ಚಲುಮನೆಯಂಥ ಜಾಗಗಳ ಸಾವಿರಾರು ವಿಡಿಯೋ ನೋಡಿದ್ದ ಅನ್ನೋದು ದೂರು. ಕಂಪನಿ 58 ಲಕ್ಷ ಡಾಲರ್ ಕೊಟ್ಟು ಪ್ರಕರಣ ಇತ್ಯರ್ಥ ಮಾಡಿಕೊಂಡಿತು. ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತ. ಇದಕ್ಕಿಂತ ಸರಿಯಾದ ಉದಾಹರಣೆ ಬೇಕಾ?

‘ಅದೆಲ್ಲ ಅಮೆರಿಕದ ಮಾತು, ನಮ್ಮ ಕಥೆ ಹೇಳಿ’ ಅಂತೀರಾ? ಹೇಳ್ತೀನಿ. ಮನೆ ಮೇಲಿನ ಕಣ್ಗಾವಲಿನ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಕ್ಯಾಮೆರಾ ಬರೋಕೂ ಮುಂಚೆಯೇ ಬಂದಿತ್ತು. ಉತ್ತರ ಪ್ರದೇಶದ ಖಡಕ್ ಸಿಂಗ್ ಎಂಬಾತನನ್ನು ಡಕಾಯಿತಿ ಪ್ರಕರಣದಲ್ಲಿ ಹಿಡಿದು, ಸಾಕ್ಷ್ಯ ಇಲ್ಲ ಅಂತ ಬಿಟ್ಟಿದ್ದರು. ಆದರೂ ಪೊಲೀಸರು ಆತನ ಹೆಸರಲ್ಲಿ ಹಿಸ್ಟರಿ ಶೀಟ್ ತೆರೆದು, ಅಪರಾತ್ರಿ ಮನೆಗೆ ಹೋಗಿ ಬಾಗಿಲು ಬಡಿದು ಎಬ್ಬಿಸುತ್ತಿದ್ದರು. 1962ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ರಾತ್ರಿ ಭೇಟಿಗಳನ್ನು ರದ್ದು ಮಾಡಿತು. ಆದ್ರೆ ಖಾಸಗಿತನ ಅನ್ನೋದು ಮೂಲಭೂತ ಹಕ್ಕಲ್ಲ ಅಂತ ಬಹುಮತದ ತೀರ್ಪು ಹೇಳಿಬಿಟ್ಟಿತು.

ಆ ಮಾತು ಅಳಿಸೋಕೆ ಸುಮಾರು 55 ವರ್ಷ ಬೇಕಾಯಿತು. ಅಳಿಸಿದ ಪ್ರಕರಣಕ್ಕೆ ಇರೋದು ಕನ್ನಡನಾಡಿನ ಹೆಸರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದರು, ಆಗ ಅವರಿಗೆ ಎಂಬತ್ತು ದಾಟಿತ್ತು. ಆಗಸ್ಟ್ 24, 2017ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು: ಖಾಸಗಿತನ ಮೂಲಭೂತ ಹಕ್ಕು. 2024ರಲ್ಲಿ ಅವರು ತೀರಿಕೊಂಡರು. ನಮ್ಮ ಮಲಗುವ ಕೋಣೆಯ ಬಾಗಿಲಿಗೆ ಸಂವಿಧಾನದ ಚಿಲಕ ಹಾಕಿಸಿಕೊಟ್ಟು ಹೋದ ಹಿರಿಯರು ಅವರು.

ಆದ್ರೆ ಆ ಚಿಲಕ ಮುಖ್ಯವಾಗಿ ಸರ್ಕಾರದ ವಿರುದ್ಧ. ಮನೆಯೊಳಗೆ ನಾವೇ ತಂದಿಟ್ಟ ಕ್ಯಾಮೆರಾ ವಿಚಾರ ಬಂದಾಗ ಕಾನೂನು ಅಲ್ಲಲ್ಲಿ ತೆಳುವಾಗಿದೆ. ಹೆಣ್ಣುಮಗಳ ಖಾಸಗಿ ಕ್ಷಣವನ್ನು ಕದ್ದು ನೋಡೋದು, ಚಿತ್ರೀಕರಿಸೋದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ, ಜೈಲು ಖಚಿತ. ಅದು ಸರಿ. ಆದ್ರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬ ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಅನ್ವಯಿಸಲ್ಲ. ಅಂದ್ರೆ ನಿಮ್ಮ ಅಡುಗೆಮನೆಯ ಕ್ಯಾಮೆರಾ ಮನೆಕೆಲಸಕ್ಕೆ ಬರೋ ಅಕ್ಕನನ್ನು ದಿನಾ ಚಿತ್ರೀಕರಿಸಿದರೆ ಆ ಕಾಯ್ದೆ ಹಿಡಿದು ಆಕೆ ನಿಮ್ಮನ್ನು ಪ್ರಶ್ನಿಸೋದು ಕಷ್ಟ. ಆಕೆಗೆ ಒಂದು ಮಾತು ಹೇಳಿದ್ದೀರಾ? ಊರಿಂದ ಬಂದ ಅತ್ತೆ ಮಾವನಿಗೆ ಹಾಲ್‌ನಲ್ಲಿ ಕಣ್ಣೊಂದಿದೆ ಅಂತ ಗೊತ್ತಾ? ಮೇರಿ ಬ್ರೌನ್ ಕ್ಯಾಮೆರಾ ಹೊರಗಿನವರ ಕಡೆ ಮುಖ ಮಾಡಿತ್ತು. ನಮ್ಮ ಕ್ಯಾಮೆರಾಗಳು ನಿಧಾನಕ್ಕೆ ಒಳಮುಖ ತಿರುಗುತ್ತಿವೆ.

ಕ್ಯಾಮೆರಾ ಬೇಡ ಅಂತ ನಾನು ಹೇಳಲ್ಲ. ದಿನಾ ರಾತ್ರಿ ನಮ್ಮ ಚಾನೆಲ್‌ಗಳಲ್ಲಿ ಕೆಂಪು ವೃತ್ತ ಹಾಕಿ ಸಿಸಿಟಿವಿ ದೃಶ್ಯ ತೋರಿಸ್ತೀವಿ. ಸರಗಳ್ಳ ಸಿಕ್ಕಿಬಿದ್ದಿದ್ದೂ, ಗುದ್ದಿ ಓಡಿಹೋದ ಕಾರು ಪತ್ತೆಯಾಗಿದ್ದೂ ಎಷ್ಟೋ ಸಲ ಯಾರದೋ ಮನೆ ಕ್ಯಾಮೆರಾದಿಂದ. ಒಂಟಿಯಾಗಿರೋ ಅಜ್ಜಿ ಬಿದ್ದರೆ ಅಮೆರಿಕದಲ್ಲಿರೋ ಮಗನಿಗೆ ಮೊದಲು ತಿಳಿಸೋದೂ ಅದೇ. ನಮ್ಮ ಸರ್ಕಾರ ಕೂಡ ಎಚ್ಚೆತ್ತಿದೆ. 2024ರ ಏಪ್ರಿಲ್‌ನಲ್ಲಿ ಅಧಿಸೂಚನೆ ಹೊರಡಿಸಿ, ಸಿಸಿಟಿವಿ ಕ್ಯಾಮೆರಾಗಳು ಮಾರಾಟಕ್ಕೆ ಮುಂಚೆ ಭದ್ರತಾ ಪರೀಕ್ಷೆಗೆ ಒಳಪಡಬೇಕು ಅಂತ ನಿಯಮ ತಂದಿದೆ. ಒಳ್ಳೆಯದೇ. ಆದ್ರೆ ಪರೀಕ್ಷೆ ಪಾಸಾದ ಬೀಗಕ್ಕೂ ಕೀಲಿಯನ್ನು ಬಾಗಿಲಲ್ಲೇ ಬಿಟ್ಟರೆ ಏನು ಪ್ರಯೋಜನ?

ಅದಕ್ಕೇ ಇವತ್ತು ಊಟ ಆದ ಮೇಲೆ ಒಂದು ಹತ್ತು ನಿಮಿಷ ಕೊಡಿ. ಕ್ಯಾಮೆರಾ ಜೊತೆ ಬಂದ ಪಾಸ್‌ವರ್ಡ್ ಬದಲಾಯಿಸಿ. ಕ್ಯಾಮೆರಾ ಕೂರಿಸಲು ಬಂದ ಹುಡುಗ ತಾನೇ ಇಟ್ಟು ಹೋದ ಪಾಸ್‌ವರ್ಡ್ ಆದ್ರೆ ಅದನ್ನೂ ಬದಲಾಯಿಸಿ. ಲಾಗಿನ್‌ಗೆ ಓಟಿಪಿ ಕೇಳುವ ವ್ಯವಸ್ಥೆ ಇದ್ದರೆ ಆನ್ ಮಾಡಿ. ಆಪ್‌ನಲ್ಲಿ ಯಾರ್ಯಾರ ಮೊಬೈಲಿಗೆ ಅನುಮತಿ ಇದೆ ನೋಡಿ, ಬೇಡವಾದವರನ್ನು ತೆಗೆಯಿರಿ. ವಿಡಿಯೋವನ್ನು ಮನೆಯೊಳಗಿನ ಕಾರ್ಡಿನಲ್ಲೋ ರೆಕಾರ್ಡರಿನಲ್ಲೋ ಉಳಿಸೋಕೆ ಆಗುತ್ತಾ ನೋಡಿ. ಮಲಗುವ ಕೋಣೆಯಲ್ಲಿ ಕ್ಯಾಮೆರಾ ಇದ್ದರೆ, ದಯವಿಟ್ಟು ಇವತ್ತೇ ಕಿತ್ತುಹಾಕಿ. ಎದುರುಮನೆ ಬಾಗಿಲಿನ ಕಡೆ ತಿರುಗಿದ್ದರೆ ನಿಮ್ಮ ಗೇಟಿನ ಕಡೆ ತಿರುಗಿಸಿ. ಮನೆಗೆ ಬಂದು ಹೋಗೋ ಎಲ್ಲರಿಗೂ ಹೇಳಿ, ‘ಇಲ್ಲೊಂದು ಕ್ಯಾಮೆರಾ ಇದೆ’ ಅಂತ.

ಅರವತ್ತು ವರ್ಷದ ಹಿಂದೆ ಒಬ್ಬ ನರ್ಸ್, ರಾತ್ರಿ ಹೊತ್ತು ಬಾಗಿಲು ಬಡಿದ ಸದ್ದಿಗೆ ಹೆದರದೆ ಇರೋದು ಹೇಗೆ ಅಂತ ಯೋಚಿಸಿದರು. ಆಕೆಗೆ ಬೇಕಿದ್ದಿದ್ದು ತನ್ನ ಮನೆಯೊಳಗೆ ಯಾರು ಬರಬೇಕು ಅಂತ ತಾನೇ ತೀರ್ಮಾನಿಸೋ ಹಕ್ಕು. ಆ ಹಕ್ಕಿಗಾಗಿ ಹುಟ್ಟಿದ ಯಂತ್ರ, ಇವತ್ತು ಬಡಿಯದೆಯೇ ಒಳಗೆ ಬರೋರಿಗೆ ದಾರಿ ಆಗಬಾರದು. ನೋಡ್ಕೊಳ್ಳಿ.